ಮಂಗಳ ಹಾಡದೆ ಪರದೆ ಎಳೆದ ಕಂತು: ‘ದಿ ಫ್ಯಾಮಿಲಿ ಮ್ಯಾನ್’ ಮೊದಲ ಸೀಸನ್‌ನ ಕೊನೆ ನಿಮಗೆ ಒಪ್ಪಿತಾ?

ಕೋಟೆಗುಡ್ಡ (ಬಳ್ಳಾರಿ)

ಇಲ್ಲಿ ಈ ಹಿಂದಿ ಗೂಢಚಾರ ವೆಬ್ ಸರಣಿಯ ಕಥೆ ಪೂರಾ ಬಿಚ್ಚಿಡ್ತೀವಿ. ಇನ್ನೂ ನೋಡದವರು ಹತ್ತೂ ಕಂತು ಮುಗಿಸಿಕೊಂಡು ಬನ್ನಿ, ಆಮೇಲೆ ಬೈಬೇಡಿ.

2025ರ ನವೆಂಬರ್ 21ಕ್ಕೆ ಬಂದ ಮೂರನೇ ಸೀಸನ್ನೂ ಲೆಕ್ಕ ಚುಕ್ತಾ ಮಾಡದೆ ನಿಂತಿತಲ್ಲ, ಅವಾಗಿಂದ ಹಳೇ ಜಗಳ ಮತ್ತೆ ಎದ್ದಿದೆ. ಈ ಚಟ ಶುರುವಾಗಿದ್ದೇ 2019ರ ಸೆಪ್ಟೆಂಬರ್ 20ಕ್ಕೆ ಬಂದ ಮೊದಲ ಸೀಸನ್‌ನ ಹತ್ತನೇ ಕಂತಿನಿಂದ. ಒಂಬತ್ತು ಕಂತು ಕೂಡಿಟ್ಟಿದ್ದನ್ನ ಹತ್ತನೇದು ನಮಗೆ ಕೊಟ್ಟಿತಾ, ಇಲ್ಲಾ ಮುಂದಿನ ಸೀಸನ್‌ಗೆ ಗಿರವಿ ಇಟ್ಟಿತಾ?

ಮೊದಲು ಒಪ್ಪಿದ್ದು ಹೇಳ್ತೀನಿ. ಭಯೋತ್ಪಾದಕ ಮೂಸಾನ ಪಾತ್ರ ಕಟ್ಟಿದ ರೀತಿಗೆ ಸಾಟಿಯಿಲ್ಲ. ಶುರುವಿನಲ್ಲಿ ಅವನ ಮೇಲೆ ಕನಿಕರ ಹುಟ್ಟಿಸ್ತಾರೆ. ನೀರಜ್ ಮಾಧವ್ ಮುಖದಲ್ಲಿ ಆ ಪಾಪದ ಕಳೆ ಇರೋದ್ರಿಂದ ನಾವೂ ನಂಬ್ತೀವಿ. ಆರನೇ ಕಂತಿನ ಆಸ್ಪತ್ರೆಯ ಉದ್ದನೆಯ ಶಾಟ್ ಬರೋಹೊತ್ತಿಗೆ ನಂಬಿಕೆ ಒಡೆದಿರುತ್ತೆ. ಅಲ್ಲಿಂದ ಮುಂದೆ ಅವನು ಎಲ್ಲಿದ್ದಾನೆ ಅನ್ನೋದೇ ಭಯ. ಕೊನೆಗೆ ದೆಹಲಿಯ ರಾಸಾಯನಿಕ ಕಾರ್ಖಾನೆಯೊಳಗೆ ಅವನ ಎದುರು ನಿಲ್ಲೋದು ನಾಯಕ, ಗೂಢಚಾರ ಶ್ರೀಕಾಂತ್ ತಿವಾರಿ (ಮನೋಜ್ ಬಾಜಪೇಯಿ) ಅಲ್ಲ, ಅವನ ತಂಡದ ಜೋಯಾ ಮತ್ತು ಮಿಲಿಂದ್. ಇದು ಬರಹಗಾರರ ಧೈರ್ಯ. ಮನೋಜ್ ಬಾಜಪೇಯಿಯಂಥ ನಟ ಕೈಯಲ್ಲಿದ್ದಾಗಲೂ ಅವರನ್ನ ಅಪಾಯದ ಜಾಗದಿಂದ ದೂರ ಇಟ್ಟು, ನಮಗೆ ಅಷ್ಟಾಗಿ ಗುರುತಿಲ್ಲದ ಇಬ್ಬರು ಕಿರಿಯರನ್ನ ಒಳಗೆ ಬಿಟ್ಟರು. ನಾಯಕ ಇದ್ದ ಕಡೆ ನಾಯಕ ಸಾಯಲ್ಲ ಅನ್ನೋ ಧೈರ್ಯ ನೋಡುಗನಿಗೆ ಇರುತ್ತೆ. ಇವರಿಬ್ಬರ ವಿಷಯದಲ್ಲಿ ಆ ಗ್ಯಾರಂಟಿ ಇಲ್ಲ.

ಒಪ್ಪದ್ದು: ವಿಷಾನಿಲದ ಟ್ಯಾಂಕಿನ ಒತ್ತಡ ಏರುತ್ತಿದೆ, ಬಾಗಿಲು ಮುಚ್ಚಿದೆ, ಇವರು ಒಳಗೆ, ಅಷ್ಟಕ್ಕೇ ಕತ್ತರಿ. ಉತ್ತರ ಸಿಕ್ಕಿದ್ದು 2021ರ ಜೂನ್ 4ಕ್ಕೆ. ಫೆಬ್ರವರಿ 12ಕ್ಕೆ ಅಂದಿದ್ದು ಮುಂದಕ್ಕೆ ಹೋಯ್ತು, ನೆನಪಿರಬಹುದು. ಇಪ್ಪತ್ತು ತಿಂಗಳು ಕಾಯಿಸಿ, ಆ ಉತ್ತರವನ್ನೂ ದೃಶ್ಯದಲ್ಲಿ ಪೂರ್ತಿ ತೋರಿಸಲಿಲ್ಲ. ನೆನಪಿನ ತುಣುಕು, ನಾಲ್ಕು ಮಾತು, ಶ್ರೀಕಾಂತ್ ಕೆಲಸ ಬಿಟ್ಟು ಐಟಿ ಕಂಪನಿ ಸೇರಿದ್ದು, ಮಿಲಿಂದ್ ಮನಸ್ಸು ಒಡೆದು ಕೂತಿದ್ದು. ಪರಿಣಾಮ ಮಾತ್ರ ಕಂಡಿತು. ಘಟನೆ ಪೂರ್ತಿಯಾಗಿ ನಮ್ಮ ಕಣ್ಣಿಗೆ ಬೀಳಲೇ ಇಲ್ಲ.

ಕಾರ್ಖಾನೆ ಬಲ್ಲವರು, ಕಂಟ್ರೋಲ್ ರೂಂ ಬಲ್ಲವರು ಬಳ್ಳಾರಿ, ಕೊಪ್ಪಳ, ರಾಯಚೂರು ಈ ಮೂರು ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದೀರಿ. ನೀವು ಹೇಳಿ.

ಬಿ ಶಿಫ್ಟ್ (ತೋರಣಗಲ್ಲು)

ಅಣ್ಣ, ನನ್ನ ತಕರಾರು ಕತ್ತರಿ ಹಾಕಿದ್ದಕ್ಕಲ್ಲ. ಕತ್ತರಿಗೆ ಮುಂಚಿನ ಆ ಹದಿನೈದಿಪ್ಪತ್ತು ನಿಮಿಷದಲ್ಲಿ ಕೈಗೆ ಸಿಕ್ಕಿದ್ದ ರೋಚಕತೆಯನ್ನ ಕೈಬಿಟ್ಟರಲ್ಲ, ಅದಕ್ಕೆ.

ವಿಷಾನಿಲ ಇರೋ ಯಾವ ಘಟಕದಲ್ಲೂ ಟ್ಯಾಂಕು ಒಂದು ಕಡೆ, ಊರು ಒಂದು ಕಡೆ, ನಡುವೆ ಖಾಲಿ ಜಾಗ ಅಂತ ಇರಲ್ಲ. ಒಂದರ ಹಿಂದೊಂದು ತಡೆ ಇರುತ್ತೆ. ಮೊದಲನೇದು ತಂಪು: ಕುದಿಯೋ ಗುಣದ ದ್ರವವನ್ನ ತಣ್ಣಗೆ ಇಟ್ಟರೆ ಆವಿ ಒತ್ತಡವೇ ಏರಲ್ಲ. ಎರಡನೇದು ಅಲಾರಂ ಮತ್ತು ಇಂಟರ್‌ಲಾಕ್: ಗಡಿ ದಾಟಿದ ಕೂಡಲೇ ಒಳಹರಿವು ತಾನಾಗಿ ಬಂದ್. ಮೂರನೇದು ರಪ್ಚರ್ ಡಿಸ್ಕ್, ರಿಲೀಫ್ ವಾಲ್ವ್: ಟ್ಯಾಂಕ್ ಸೀಳೋ ಮುಂಚೆ ಅನಿಲವನ್ನ ಪೈಪಿಗೆ ಬಿಡುತ್ತೆ. ನಾಲ್ಕನೇದು ಸ್ಕ್ರಬ್ಬರ್: ಅನಿಲ ಒಂದು ಗೋಪುರದಲ್ಲಿ ಮೇಲಕ್ಕೆ ಹೋಗ್ತಿದ್ದರೆ ಮೇಲಿಂದ ಕಾಸ್ಟಿಕ್ ಸೋಡಾ ನೀರು ಸುರಿದು ಅದರ ವಿಷ ಮುರಿಯುತ್ತೆ. ಅದನ್ನೂ ದಾಟಿದ್ದಕ್ಕೆ ಫ್ಲೇರ್, ಅಂದ್ರೆ ಎತ್ತರದ ಚಿಮಣಿ ತುದಿಯಲ್ಲಿ ಸುಟ್ಟುಹಾಕೋದು. ಇಷ್ಟೂ ಸೋತರೆ ನೀರಿನ ಪರದೆ.

ಭೋಪಾಲ್‌ನಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಆಗಿದ್ದೇನು? ಇ-610 ಅನ್ನೋ ಟ್ಯಾಂಕ್‌ನಲ್ಲಿ ಸುಮಾರು 40 ಟನ್ ಮೀಥೈಲ್ ಐಸೊಸೈಯನೇಟ್ ಅನ್ನೋ ವಿಷದ್ರವ. ಅದಕ್ಕೆ ನೀರು ಸೇರಿತು, ಬಿಸಿ ಏರಿತು. ತಂಪು ಮಾಡೋ ಯಂತ್ರ ತಿಂಗಳುಗಟ್ಟಲೆ ಮುಂಚೆಯೇ ಬಂದ್ ಆಗಿತ್ತು. ಸ್ಕ್ರಬ್ಬರ್ ಕೆಲಸಕ್ಕೆ ಬರಲಿಲ್ಲ. ಫ್ಲೇರ್‌ಗೆ ಹೋಗೋ ಪೈಪಿನ ಒಂದು ತುಂಡನ್ನ ರಿಪೇರಿಗೆ ಅಂತ ಬಿಚ್ಚಿಟ್ಟಿದ್ದರು. ಫೈರ್‌ನವರು ಬಿಟ್ಟ ನೀರು ಅನಿಲ ಹೊರಬೀಳೋ ಎತ್ತರ ಮುಟ್ಟಲಿಲ್ಲ.

ಈಗ ಆ ಕಂತು ನೆನೆಸಿಕೊಳ್ಳಿ. ಒತ್ತಡ ಏರುತ್ತಿದೆ ಅನ್ನೋ ಒಂದೇ ಸುದ್ದಿ ಮೇಲೆ ಇಡೀ ಭಯ ನಿಂತಿದೆ. ಅದರ ಬದಲು ಒಂದೊಂದೇ ತಡೆ ಬೀಳೋದನ್ನ ತೋರಿಸಿದ್ದರೆ? ಇಂಟರ್‌ಲಾಕ್ ಬೈಪಾಸ್ ಆಗಿದೆ ಅಂತ ಮಿಲಿಂದ್‌ಗೆ ಗೊತ್ತಾಗುತ್ತೆ, ಸರಿ, ಇನ್ನೂ ಸ್ಕ್ರಬ್ಬರ್ ಇದೆ. ಪಂಪ್ ಓಡ್ತಿಲ್ಲ, ಸರಿ, ಇನ್ನೂ ಫ್ಲೇರ್ ಇದೆ. ಪ್ರತಿ ಮೆಟ್ಟಿಲಿಗೂ ಒಂದು ಆಸೆ, ಒಂದು ನಿರಾಸೆ. ನಾಲ್ಕು ಮೆಟ್ಟಿಲ ರೋಚಕತೆ ಪುಕ್ಕಟೆ ಸಿಗ್ತಿತ್ತು. ಅಷ್ಟಾದ ಮೇಲೆ ಕತ್ತರಿ ಹಾಕಿದ್ದರೂ ನಾನು ಚಕಾರ ಎತ್ತುತ್ತಿರಲಿಲ್ಲ.

ಸೋನಾಮಸೂರಿ (ಗಂಗಾವತಿ)

ಬಿ ಶಿಫ್ಟ್ ಅಣ್ಣಗೆ ಸೀಸನ್ ಬರೆಯೋ ಕೆಲಸ ಕೊಡ್ರಪ್ಪಾ. ಒಂದೇ ತೊಂದರೆ, ಹೀರೋಗಿಂತ ಸ್ಕ್ರಬ್ಬರ್‌ಗೆ ಹೆಚ್ಚು ಡೈಲಾಗ್ ಇರ್ತಾವು.

ಶಕ್ತಿನಗರ ಲೋಡ್ (ರಾಯಚೂರು)

ಬಿ ಶಿಫ್ಟ್ ಅವರ ಮಾತಿಗೆ ಕಂಟ್ರೋಲ್ ರೂಂ ಕಡೆಯಿಂದ ಒಂದೆರಡು ಸೇರಿಸ್ತೀನ್ರಿ. ಥ್ರಿಲ್ಲರ್‌ಗಳು ಎಲ್ಲಾ ಕಡೆ ಮಾಡೋ ತಪ್ಪು ಇದು, ಇದೊಂದರದ್ದೇ ಅಲ್ಲ. ಕಂಪ್ಯೂಟರ್ ಕೈಗೆ ಸಿಕ್ಕರೆ ಇಡೀ ಪ್ಲಾಂಟ್ ಕೈಗೆ ಸಿಕ್ಕಂಗ ಅಂತ ತೋರಿಸ್ತಾರ. ಖರೇ ಅಂದ್ರ, ಕೊನೇ ತಡೆಗಳಿಗೆ ಕಂಪ್ಯೂಟರ್ ಗೊತ್ತೇ ಇಲ್ಲ.

ನಮ್ಮ ಕಡೆ ಬಾಯ್ಲರ್ ಉದಾಹರಣೆ ತಗೋರಿ. ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ, ಅಂದ್ರ ಆರ್‌ಟಿಪಿಎಸ್‌ನಾಗ 210 ಮೆಗಾವ್ಯಾಟಿನ ಘಟಕ ಏಳು, 250ರ ಒಂದು, ಒಟ್ಟು 1720 ಮೆಗಾವ್ಯಾಟ್. 210ರ ಘಟಕದಾಗ ಉಗಿ ಡ್ರಮ್ಮಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 150 ಕೆಜಿ, ಉಗಿ 540 ಡಿಗ್ರಿ. ಇಷ್ಟು ಒತ್ತಡ ಕಾಯೋ ಸೇಫ್ಟಿ ವಾಲ್ವ್ ಅಂದ್ರ ಗಟ್ಟಿ ಸ್ಪ್ರಿಂಗ್. ಉಗಿ ಸ್ಪ್ರಿಂಗಿಗಿಂತ ಜೋರಾಗಿ ಒತ್ತಿದರ ಅದು ಎದ್ದೇ ಏಳ್ತೈತಿ. ಕರೆಂಟ್ ಇರಲಿ ಬಿಡಲಿ, ಪಾಸ್‌ವರ್ಡ್ ಯಾರ ಹತ್ರ ಇರಲಿ. ಅದೂ ಒಂದಲ್ಲ, ಬೇರೆ ಬೇರೆ ಒತ್ತಡಕ್ಕ ಏಳೋ ಹಂಗ ಸಾಲಾಗಿ ಇರ್ತಾವು. ಒಂದು ಎದ್ದರ ಮೈಲಿಗಟ್ಟಲೆ ಕೇಳ್ತೈತಿ. ಪರದೆ ಮ್ಯಾಲ ಎಂಥಾ ಸೌಂಡ್ ಎಫೆಕ್ಟ್ ಅದು! ಯಾರೂ ಬಳಸಂಗಿಲ್ಲ.

ಇನ್ನ ಟ್ರಿಪ್ ವಿಚಾರ, ಅಂದ್ರ ಘಟಕ ತಾನಾಗಿ ಬಂದ್ ಆಗೋದು. ಒಂದು ಮಾಪಕ ಕೆಟ್ಟರ ಘಟಕ ಸುಮ್ನ ನಿಲ್ಲಬಾರದು, ಕೆಟ್ಟ ಮಾಪಕ ನಂಬಿ ಓಡಲೂಬಾರದು. ಅದಕ್ಕ ಮುಖ್ಯ ಜಾಗದಾಗ ಮೂರು ಮಾಪಕ ಇಡ್ತಾರ, ಮೂರರಾಗ ಎರಡು ಹೌದು ಅಂದರ ಮಾತ್ರ ಟ್ರಿಪ್. ಒಂದು ಟ್ರಿಪ್ ಆದ ಕೂಡಲೇ ನೂರಾರು ಅಲಾರಂ ಒಟ್ಟಿಗೆ ಬರ್ತಾವು. ಅದರಾಗ ಮೊದಲು ಬಂದದ್ದು ಯಾವುದು ಅಂತ ಹುಡುಕೋದೇ ಆಪರೇಟರ್‌ನ ಕೆಲಸ. ಯಾಕಂದ್ರ ಕಾರಣ ಮೊದಲನೇದರಾಗ ಇರ್ತೈತಿ, ಉಳಿದವೆಲ್ಲಾ ಅದರ ಬಾಲ. ತನಿಖೆ ಕಥೀಗೆ ಇದಕ್ಕಿಂತ ಒಳ್ಳೇ ಸಾಮಾನು ಎಲ್ಲಿ ಸಿಗ್ತೈತ್ರಿ? ಜೋಯಾ ಆ ಪಟ್ಟಿ ಮೇಲಿಂದ ಕೆಳಗ ಓದಿ, ‘ಇದು ಕೆಟ್ಟಿದ್ದಲ್ಲ, ಕೆಡಿಸಿದ್ದು’ ಅಂತ ಹಿಡಿಯೋ ಒಂದು ನಿಮಿಷ ಸಾಕಿತ್ತು.

ಒಂದು ಮೆಚ್ಚುಗೆ ಹೇಳಲೇಬೇಕು. ಕೆಂಪು ವೈರೋ ನೀಲಿ ವೈರೋ ಆಟಕ್ಕ ಹೋಗಲಿಲ್ಲ, ಅಷ್ಟಕ್ಕಾದ್ರೂ ಕೈ ಮುಗೀಬೇಕು. ಕಾರ್ಖಾನೆಯನ್ನೇ ಆಯುಧ ಮಾಡೋ ಯೋಚನೆ ಹೊಸದಿತ್ತು, ನಂಬೋ ಹಂಗೂ ಇತ್ತು.

ಕೋಟೆಗುಡ್ಡ (ಬಳ್ಳಾರಿ)

ಇಬ್ಬರೂ ಹೇಳಿದ್ದು ಒಪ್ಪಿದೆ, ಆದರೂ ಬರಹಗಾರರ ಪರವಾಗಿ ಒಂದು ವಕಾಲತ್ತು. ನೋಡುಗನಿಗೆ ಸ್ಕ್ರಬ್ಬರ್ ಅಂದರೇನು ಅಂತ ಹತ್ತನೇ ಕಂತಿನಲ್ಲಿ ಪಾಠ ಮಾಡೋಕೆ ಆಗಲ್ಲ. ಆ ಹೊತ್ತಿಗೆ ವೇಗ ಬೇಕು. ಏಳನೇ ಎಂಟನೇ ಕಂತಿನಲ್ಲೇ ಬಿತ್ತಿರಬೇಕಿತ್ತು: ಯಾರೋ ಕಾರ್ಖಾನೆ ತೋರಿಸೋ ನೆಪದಲ್ಲಿ ‘ಇದು ಓಡ್ತಿರೋವರೆಗೂ ಭಯ ಇಲ್ಲ’ ಅಂತ ಒಂದು ಪಂಪಿನ ಕಡೆ ಬೆರಳು ತೋರಿಸಿದ್ದರೆ ಸಾಕು. ಕೊನೇ ಕಂತಿನಲ್ಲಿ ಆ ಪಂಪು ನಿಂತಿದ್ದನ್ನ ಒಂದೇ ಶಾಟ್‌ನಲ್ಲಿ ತೋರಿಸಿದರೆ ಮಾತೇ ಬೇಡ. ಆ ಎರಡು ಕಂತು ಕಥೆ ಕಾಶ್ಮೀರದ ಕಡೆ ವಾಲಿತ್ತು. ಕಾರ್ಖಾನೆಗೆ ತಳಪಾಯ ಹಾಕೋಕೆ ಜಾಗ ಉಳಿಯಲಿಲ್ಲ. ಹಾಗಾಗಿ ತಪ್ಪು ಹತ್ತನೇದರಲ್ಲಿ ಕಂಡರೂ ಆಗಿದ್ದು ಅದಕ್ಕೂ ಹಿಂದೆ.

ಕಿನ್ನಾಳ ಬಣ್ಣ (ಕೊಪ್ಪಳ)

ಎಲ್ಲರೂ ಪೈಪು ವಾಲ್ವಿನ ಬಗ್ಗೆ ಮಾತಾಡ್ತಿದ್ದೀರಿ, ನಾನು ಆಟದ ಕಡೆಯಿಂದ ಬರ್ತೀನಿ.

ನಮ್ಮ ಸೀಮೆಯ ದೊಡ್ಡಾಟ ನೋಡಿದವರಿಗೆ ಮುಗಿಸೋದು ಅಂದರೇನು ಅಂತ ಹೇಳಿಕೊಡಬೇಕಿಲ್ಲ. ರಾತ್ರಿ ಗಣಪತಿ ಪೂಜೆ, ಸಾರಥಿ ಬಂದು ಪಾತ್ರಗಳನ್ನ ಮಾತಾಡಿಸೋದು, ಆಮೇಲೆ ಒಡ್ಡೋಲಗ, ನಡುರಾತ್ರಿ ದಾಟಿದ ಮೇಲೆ ಯುದ್ಧ, ಬೆಳಗಿನ ಜಾವಕ್ಕೆ ವಧೆ, ಕೊನೆಗೆ ಮಂಗಳ. ದುರ್ಯೋಧನ ಸಾಯ್ತಾನೆ ಅಂತ ಊರಿನ ಹುಡುಗರಿಗೂ ಗೊತ್ತು. ಆದರೂ ಬೆಳಗಿನವರೆಗೂ ಜನ ಏಳಲ್ಲ. ಯಾಕಂದರೆ ಜನ ಕಾಯೋದು ‘ಏನಾಗುತ್ತೆ’ಗಲ್ಲ, ‘ಆದಾಗ ಅವನು ಏನು ಮಾತಾಡ್ತಾನೆ’ ಅನ್ನೋದಕ್ಕೆ. ತೊಡೆ ಮುರಿದು ಬಿದ್ದವನ ಬಾಯಲ್ಲಿ ಬರೋ ಪದವೇ ಆ ರಾತ್ರಿಯ ಫಲ.

ಈ ಅಳತೆ ಇಟ್ಟುಕೊಂಡು ನೋಡಿದರೆ ಹತ್ತನೇ ಕಂತು ಎರಡು ತುಂಡಾಗುತ್ತೆ. ಮೂಸಾನ ಕಥೆ ಮುಗಿಸಿದ್ದಾರೆ, ಅವನ ಮಟ್ಟಿಗೆ ವಧೆಯೂ ಇದೆ, ಅವನ ದುಃಖದ ಹಿನ್ನೆಲೆಯೂ ಇದೆ. ಅಲ್ಲಿಗೆ ನನ್ನ ತಕರಾರಿಲ್ಲ. ಶ್ರೀಕಾಂತನ ಕಥೆಗೆ ಮಾತ್ರ ಒಂದು ಪದವೂ ಇಲ್ಲ. ಶೀರ್ಷಿಕೆಯೇ ಸಂಸಾರಸ್ಥ ಅಂತ. ಹತ್ತು ಕಂತು ನಾವು ನೋಡಿದ್ದು ಹೆಂಡತಿಗೆ ಸುಳ್ಳು, ಮಕ್ಕಳಿಗೆ ಸುಳ್ಳು, ಸಾಲ, ಹಳೇ ಕಾರು. ಪ್ರಿಯಾಮಣಿ ಹೆಂಡತಿ ಸುಚಿಯ ಪಾತ್ರವನ್ನ ಎಷ್ಟು ಹದವಾಗಿ ಮಾಡಿದ್ದಾರೆ, ಬೆಂಗಳೂರಿನ ಹುಡುಗಿ ಅಂತ ನಾವು ಹೆಮ್ಮೆಪಡೋದು ಬೇರೆ ಮಾತು. ಅವಳು ಸಹೋದ್ಯೋಗಿ ಜೊತೆ ಹೋಗಿದ್ದ ಲೋಣಾವಳಾದಲ್ಲಿ ಏನಾಯ್ತು ಅನ್ನೋದನ್ನ ಮೊದಲ ಸೀಸನ್ ಮುಚ್ಚಿಟ್ಟಿತು. ಎರಡನೇ ಸೀಸನ್ ಅವಳು ಬಾಯಿ ಬಿಡೋ ಹೊತ್ತಿಗೆ ಮುಗೀತು. ಅನಿಲ ಸೋರಿತೋ ಇಲ್ಲವೋ ಅನ್ನೋದಕ್ಕಿಂತ ಇದು ದೊಡ್ಡ ಮೋಸ. ಅನಿಲದ್ದು ಗಂಟೆಯ ಮಾತು, ಇದು ವರ್ಷಗಳ ಮಾತು. ಅದನ್ನೂ ಗಾಳದ ಎರೆಹುಳ ಮಾಡಿಬಿಟ್ಟರು.

ವಧೆ ಅರ್ಧಕ್ಕೆ ನಿಲ್ಲಿಸಬಹುದು, ನಾಳೆ ರಾತ್ರಿಗೆ ಮುಂದುವರಿಸಬಹುದು. ಆದರೆ ಆ ರಾತ್ರಿಯ ಮಂಗಳ ಆ ರಾತ್ರಿಯೇ ಹಾಡಬೇಕು.

ಸೋನಾಮಸೂರಿ (ಗಂಗಾವತಿ)

ಲೋಣಾವಳಾ ವಿಷಯದಾಗ ಮೌನವೇ ಉತ್ತರ ಅಂತ ನನಗನಿಸ್ತೈತಿ. ಗಂಡ ದೇಶದ ಗುಟ್ಟು ಹೇಳಂಗಿಲ್ಲ, ಹೆಂಡತಿ ತನ್ನ ಗುಟ್ಟು ಹೇಳಂಗಿಲ್ಲ. ಇಬ್ಬರದೂ ಸರಿಸಮ. ನಮಗೇನು ಹಕ್ಕು ಕೇಳಾಕ?

ಕಿನ್ನಾಳ ಬಣ್ಣ (ಕೊಪ್ಪಳ)

ಮೊದಲ ಸೀಸನ್‌ಗೆ ನಿಮ್ಮ ಮಾತು ನಡೆಯುತ್ತೆ ತಮ್ಮಾ, ಎರಡನೇದಕ್ಕೆ ನಡೆಯಲ್ಲ. ಬಾಗಿಲು ತಟ್ಟಿ, ಚಿಲಕ ತೆಗೆದು, ಆಮೇಲೆ ಕಥೆ ನಿಲ್ಲಿಸಿದರೆ ಅದು ಮೌನ ಅಲ್ಲ, ಜಾಹೀರಾತು.

ಮಸ್ಕಿ ರಸ್ತೆ (ಸಿಂಧನೂರು)

ಇಬ್ಬರೂ ಬಿಟ್ಟ ಮೂರನೇ ಬಾಕಿ ಒಂದಿದೆ: ಕರೀಮ್.

ಕಾಲೇಜು ಹುಡುಗ, ಪ್ರತಿಭಟನೆಗೆ ಅಂತ ಹೊರಟವನು. ಶ್ರೀಕಾಂತನ ಗುಪ್ತಚರ ದಳ ಟಾಸ್ಕ್‌ನವರು ಅವನನ್ನ ಭಯೋತ್ಪಾದಕ ಅಂತ ತಪ್ಪು ತಿಳಿದು ಕೊಂದರು. ಆಮೇಲೆ ಅದನ್ನ ಮುಚ್ಚಿಹಾಕಿದರು. ಮುಚ್ಚಿದವನು ಖಳನಾಯಕ ಅಲ್ಲ, ನಮ್ಮ ಶ್ರೀಕಾಂತನೇ. ನನ್ನ ಪ್ರಕಾರ ಇಡೀ ಸೀಸನ್‌ನ ಬೆನ್ನುಮೂಳೆ ಅದು. ಅಲ್ಲಿವರೆಗೂ ತಮಾಷೆಯಾಗಿದ್ದ ‘ಮನೇಲಿ ಸುಳ್ಳು ಹೇಳೋ ಗೂಢಚಾರ’ ಅನ್ನೋ ವಿಷಯ ಅಲ್ಲಿಗೆ ಬಂದಾಗ ಕಹಿಯಾಗುತ್ತೆ. ಮನೇಲಿ ಹೇಳೋ ಸುಳ್ಳಿಗೂ ದೇಶಕ್ಕೆ ಹೇಳೋ ಸುಳ್ಳಿಗೂ ನಾಲಿಗೆ ಒಂದೇ ಅಂತ ನಮಗೆ ತೋರಿಸ್ತಾರೆ.

ಅಂಥದ್ದನ್ನ ಕಟ್ಟಿಟ್ಟು, ಕೊನೇ ಕಂತಿನ ಓಟದಲ್ಲಿ ಹಿಂದಕ್ಕೆ ತಳ್ಳಿದ್ದಾರೆ. ಅಪಾಯ ದೊಡ್ಡದಾದಷ್ಟೂ ತಪ್ಪು ಸಣ್ಣದಾಗಿ ಕಾಣುತ್ತೆ. ನಗರಕ್ಕೆ ನಗರವೇ ಸಾಯೋ ಹೊತ್ತಿನಲ್ಲಿ ಒಬ್ಬ ಹುಡುಗನ ಲೆಕ್ಕ ಯಾರು ಕೇಳ್ತಾರೆ? ಥ್ರಿಲ್ಲರ್ ಬರಹದಲ್ಲಿ ಇದು ಹಳೇ ಉಪಾಯ, ಕಷ್ಟದ ಪ್ರಶ್ನೆಯಿಂದ ತಪ್ಪಿಸಿಕೊಳ್ಳೋಕೆ ದೊಡ್ಡ ಬಾಂಬು. ಕಂತಿನ ಹೆಸರೂ ‘ದಿ ಬಾಂಬ್’ ಅಂತಲೇ ಇಟ್ಟಿದ್ದಾರೆ. ಬಿ ಶಿಫ್ಟ್ ಅವರು ಹೇಳಿದ ನಾಲ್ಕು ಮೆಟ್ಟಿಲು ಸೇರಿಸಿದ್ದರೂ ನನಗೆ ಈ ಕೊರತೆ ತುಂಬುತ್ತಿರಲಿಲ್ಲ. ಬದಲಿಗೆ ಇನ್ನೂ ಮುಚ್ಚಿಹೋಗ್ತಿತ್ತು.

ಕಮಾಂಡೋ ಪಡೆಯ ಇಮ್ರಾನ್ ಪಾಷಾ ಪಾತ್ರದ ಬಗ್ಗೆಯೂ ಒಂದು ಮಾತು. ಕಿಶೋರ್ ಬಂದಾಗಲೆಲ್ಲ ಪರದೆಗೆ ತೂಕ ಬರುತ್ತೆ. ಕಡಿಮೆ ಮಾತು, ನೆಟ್ಟಗೆ ನಿಲ್ಲೋ ಮೈ. ಕನ್ನಡದವರು ಅಂತ ಹೇಳ್ತಿಲ್ಲ, ಆ ಪಾತ್ರವನ್ನ ಇನ್ನಷ್ಟು ಬೆಳೆಸಿದ್ದರೆ ಕರೀಮನ ಪ್ರಶ್ನೆಯನ್ನ ಕೇಳೋ ಅರ್ಹತೆ ಅವನಿಗಿತ್ತು.

ಎಡದಂಡೆ (ಕಾರಟಗಿ)

ಭಾಷೆ ಬಗ್ಗೆ ಯಾರೂ ಎತ್ತಲಿಲ್ಲ. ಕೊನೇ ಕಂತು ಒಬ್ಬೊಬ್ಬರಿಗೆ ಒಂದೊಂದು ಥರ ಅನಿಸೋಕೆ ಅರ್ಧ ಕಾರಣ ಅದೇ.

ಈ ಸರಣಿಯನ್ನ ಮೂಲ ಧ್ವನಿಯಲ್ಲೇ ನೋಡಬೇಕು. ಹಿಂದಿ ಅಂತ ಹೆಸರಿಗೆ ಮಾತ್ರ. ಮೂಸಾ ಮಲಯಾಳಂಗೆ ಹೊರಳ್ತಾನೆ, ಶ್ರೀಕಾಂತನ ಜೊತೆಗಾರ ತಲ್ಪಡೆ ಮರಾಠಿಗೆ, ಎರಡನೇ ಸೀಸನ್‌ನಲ್ಲಿ ಬಂಡುಕೋರಳಾದ ರಾಜಿಯ ಕಡೆಯವರದ್ದೆಲ್ಲ ತಮಿಳು. ಯಾರು ಯಾವಾಗ ಭಾಷೆ ಬದಲಿಸ್ತಾರೆ ಅನ್ನೋದರಲ್ಲೇ ಅರ್ಧ ಸುಳಿವು ಇರುತ್ತೆ. ಡಬ್ ಹಾಕಿಕೊಂಡರೆ ಎಲ್ಲರ ಬಾಯಲ್ಲೂ ಒಂದೇ ಭಾಷೆ, ಮೂಸಾ ಮನೆ ಮಾತಿಗೆ ಮರಳೋ ಕ್ಷಣ ಕಾಣೋದೇ ಇಲ್ಲ. ಅವನ ಸಾವು ಸಪ್ಪೆ ಅನಿಸಿತು ಅನ್ನೋರು ಧ್ವನಿ ಯಾವುದು ಇಟ್ಟಿದ್ದಿರಿ ಅಂತ ಒಮ್ಮೆ ನೋಡಿಕೊಳ್ಳಿ.

ಮತ್ತೆ ನೋಡೋರಿಗೆ: ಪ್ಲೇಯರ್‌ನಲ್ಲಿ ಧ್ವನಿ ಹಿಂದಿ, ಸಬ್‌ಟೈಟಲ್ ಆನ್. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಆಟೋಪ್ಲೇ ಬಂದ್ ಮಾಡಿ. ಇದು ಸಣ್ಣ ವಿಷಯ ಅಲ್ಲ. ಈಗ ಮೂರೂ ಸೀಸನ್ ಒಟ್ಟಿಗೆ ಸಿಗೋದ್ರಿಂದ ಪರದೆ ಕಪ್ಪಾದ ಕೆಲವೇ ಸೆಕೆಂಡಿಗೆ ಎರಡನೇ ಸೀಸನ್ ಶುರುವಾಗುತ್ತೆ, ಆ ಕಂತಿನಲ್ಲೇ ಶ್ರೀಕಾಂತ್ ಆಫೀಸಿನಲ್ಲಿ ಕೂತಿರೋದೂ ಕಾಣುತ್ತೆ. 2019ರಲ್ಲಿ ನೋಡಿದವರು ಇಪ್ಪತ್ತು ತಿಂಗಳು ಹೊತ್ತ ಭಾರ ನಿಮಗೆ ಇಪ್ಪತ್ತು ಸೆಕೆಂಡೂ ಇರಲ್ಲ. ‘ಅದರಲ್ಲೇನಿದೆ, ಚೆನ್ನಾಗೇ ಇದೆಯಲ್ಲ’ ಅನ್ನೋರು ಹೆಚ್ಚಾಗಿ ಹೀಗೆ ನೋಡಿದವರು. ಎರಡೂ ಪಂಗಡ ಒಂದೇ ಕಂತನ್ನ ನೋಡಿಲ್ಲ ಅಂತಲೇ ನನ್ನ ವಾದ.

ಕತ್ತರಿ ಬಗ್ಗೆ: ಕೊನೇ ಭಾಗದಲ್ಲಿ ಕಾರ್ಖಾನೆ ಮತ್ತು ಹೊರಗಿನ ದೃಶ್ಯ ಒಂದಾದ ಮೇಲೊಂದು ಬರುತ್ತಲ್ಲ, ಅದು ಓಡಿದಂತೆ ಅನಿಸಿದರೂ ಕಾಲದ ಲೆಕ್ಕ ತಪ್ಪುತ್ತೆ. ಹೊರಗೆ ಹತ್ತು ನಿಮಿಷ ಕಳೆದಿರುತ್ತೆ, ಒಳಗೆ ಎರಡು. ಒಳಗಿನ ಒತ್ತಡ ಎಷ್ಟು ವೇಗದಲ್ಲಿ ಏರ್ತಿದೆ ಅನ್ನೋದು ನೋಡುಗನಿಗೆ ಗೊತ್ತಿಲ್ಲದಿದ್ದರೆ ಹೊರಗಿನ ನಿಧಾನ ಕಾಡಲ್ಲ. ಇಲ್ಲಿ ಬಿ ಶಿಫ್ಟ್ ಅವರ ಮಾತಿಗೇ ಬರ್ತೀನಿ, ಒಂದು ಅಳತೆ ಕೊಡಬೇಕಿತ್ತು.

ಹೊಸಬ (ಸಿರುಗುಪ್ಪ)

ಬಿ ಶಿಫ್ಟ್ ಸರ್, ಇಂಥ ಕಂತುಗಳಲ್ಲಿ ಜನ ಬಾಯಿಗೆ ಕರ್ಚೀಫ್ ಕಟ್ಟಿಕೊಂಡು ಓಡ್ತಾರಲ್ಲ, ಅದು ಸರಿನಾ? ಅನಿಲ ಬಂದರೆ ಓಡಬೇಕಾ, ಒಳಗೆ ಇರಬೇಕಾ?

ಬಿ ಶಿಫ್ಟ್ (ತೋರಣಗಲ್ಲು)

ಯಾವ ಅನಿಲ ಅನ್ನೋದರ ಮೇಲೆ ಹೋಗುತ್ತೆ. ಪರದೆ ಮೇಲೆ ಎಲ್ಲದಕ್ಕೂ ಒಂದೇ ಹಸಿರು ಹೊಗೆ.

ಕ್ಲೋರಿನ್ ತಗೊಳ್ಳಿ. ಕುಡಿಯೋ ನೀರಿನ ಘಟಕದಲ್ಲೂ ಇರುತ್ತೆ, 900 ಕೆಜಿಯ ಟನ್ನರ್, ಅಂದ್ರೆ ದೊಡ್ಡ ಸಿಲಿಂಡರ್. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ತಗ್ಗಿನಲ್ಲಿ ಹರಿದುಕೊಂಡು ಬರುತ್ತೆ. ನೆಲಮಾಳಿಗೆಗೆ ಇಳಿದರೆ ಸತ್ತಂಗೆ, ಮಹಡಿ ಹತ್ತಬೇಕು. ಒದ್ದೆ ಬಟ್ಟೆ ಸ್ವಲ್ಪ ಹೊತ್ತು ತಡೆಯುತ್ತೆ, ಅದು ನೀರಿಗೆ ಸೇರೋ ಅನಿಲ. ಒದ್ದೆ ಬಟ್ಟೆ ಅಮೋನಿಯಾಕ್ಕೂ ಆಗುತ್ತೆ. ಸೋರೋ ಟನ್ನರ್ ಮೇಲೆ ಮಾತ್ರ ನೀರು ಬಿಡಬಾರದು. ಕ್ಲೋರಿನ್ ಜೊತೆ ನೀರು ಸೇರಿದರೆ ಆಮ್ಲ ಆಗಿ ಲೋಹ ತಿಂದು ತೂತು ದೊಡ್ಡದಾಗುತ್ತೆ. ತಿಳಿದವರು ಮಾಡೋ ಮೊದಲ ಕೆಲಸ ಟನ್ನರನ್ನ ಉರುಳಿಸಿ ತೂತು ಮೇಲಕ್ಕೆ ಬರೋ ಹಾಗೆ ಮಾಡೋದು. ಆಗ ದ್ರವದ ಬದಲು ಅನಿಲ ಮಾತ್ರ ಹೊರಬರುತ್ತೆ. ದ್ರವ ಬಂದರೆ ಅದೇ ನಾಲ್ಕುನೂರು ಪಟ್ಟಿಗೂ ಮೀರಿ ಹಿಗ್ಗುತ್ತೆ. ಎಲ್ಲಿ ಸೋರ್ತಿದೆ ಅಂತ ಹುಡುಕೋಕೆ ಅಮೋನಿಯಾದಲ್ಲಿ ಅದ್ದಿದ ಬಟ್ಟೆ ಕೋಲಿಗೆ ಕಟ್ಟಿ ಹತ್ತಿರ ಹಿಡೀತಾರೆ, ಸೋರೋ ಜಾಗದಲ್ಲಿ ಬಿಳಿ ಹೊಗೆ ಏಳುತ್ತೆ. ಇದೆಲ್ಲ ತರಬೇತಿ ಆದವರು, ಉಸಿರಾಟದ ಸಿಲಿಂಡರ್ ಕಟ್ಟಿಕೊಂಡು ಮಾಡೋ ಕೆಲಸ.

ಕಾರ್ಬನ್ ಮಾನಾಕ್ಸೈಡ್ ಬೇರೆ ಕಥೆ. ಕಬ್ಬಿಣ ಕರಗಿಸೋ ಬ್ಲಾಸ್ಟ್ ಫರ್ನೇಸ್ ಅನಿಲದಲ್ಲಿ ಶೇಕಡಾ 20ರಿಂದ 25ರಷ್ಟು ಅದೇ ಇರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕರ್ಚೀಫು ಒದ್ದೆ ಮಾಡಿದರೂ ಅಷ್ಟೇ ಬಿಟ್ಟರೂ ಅಷ್ಟೇ. ಎಂಟು ತಾಸಿನ ಕೆಲಸಕ್ಕೆ ಹಳೇ ಕಾರ್ಖಾನೆ ಕಾಯ್ದೆ ಒಪ್ಪುತ್ತಿದ್ದದ್ದು 50 ಪಿಪಿಎಂ, ಅಂದ್ರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 50 ಭಾಗ. 1200 ಅಂದರೆ ಜೀವಕ್ಕೇ ಸಂಚಕಾರ. ಅದಕ್ಕೇ ಎದೆಗೆ ಸಿಕ್ಕಿಸೋ ಮೀಟರ್. ಬಿದ್ದವನನ್ನ ಎತ್ತೋಕೆ ಮಾಸ್ಕ್ ಇಲ್ಲದೆ ಓಡಿಹೋದವನೂ ಬೀಳ್ತಾನೆ, ಅವನ ಹಿಂದೆ ಮೂರನೆಯವನು. ಅನಿಲ ದುರಂತಗಳಲ್ಲಿ ಹೀಗೆ ಸಾಯೋರು ಬಹಳ. ಸಂಗಾತಿ ಬಿದ್ದಿದ್ದಾಳೆ, ಇವನು ಹೊರಗೆ ನಿಂತು ಮಾಸ್ಕ್ ಸಿಗೋವರೆಗೂ ಕಾಯಲೇಬೇಕು: ಬರಹಗಾರನಿಗೆ ಇದಕ್ಕಿಂತ ಕ್ರೂರ ದೃಶ್ಯ ಬೇಕಾ? ಪರದೆ ಮೇಲೆ ಮಾತ್ರ ಎಲ್ಲರೂ ಧುಮುಕ್ತಾರೆ.

ಓಡೋದಾದರೆ ಗಾಳಿಯ ದಿಕ್ಕು ತೋರಿಸೋ ಗಾಳಿಚೀಲ ನೋಡಿ. ಗಾಳಿ ಹೋಗೋ ದಿಕ್ಕಿಗೆ ಓಡಿದರೆ ಅನಿಲ ನಿಮ್ಮ ಜೊತೆಗೇ ಬರುತ್ತೆ. ಅಡ್ಡಕ್ಕೆ ಸರಿಯಬೇಕು, ಆಮೇಲೆ ಗಾಳಿ ಬರೋ ಕಡೆಗೆ. ದಾರಿ ಗೊತ್ತಿಲ್ಲದಿದ್ದರೆ ಕಿಟಕಿ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಫ್ಯಾನ್ ಎಸಿ ಆರಿಸಿ ಒಳಗೇ ಇರೋದು ಮೇಲು.

ಶಕ್ತಿನಗರ ಲೋಡ್ (ರಾಯಚೂರು)

ಈ ಸರಣಿ ಬಂದ ಮರುವರ್ಷವೇ, 2020ರ ಮೇ 7ರ ನಸುಕಿನಾಗ, ವಿಶಾಖಪಟ್ಟಣದಾಗ ಸ್ಟೈರೀನ್ ಸೋರಿ 12 ಮಂದಿ ಸತ್ತರು. ಅಲ್ಲಿ ಯಾವ ಮೂಸಾನೂ ಇರಲಿಲ್ರಿ. ಲಾಕ್‌ಡೌನ್‌ನಾಗ ಟ್ಯಾಂಕಿನ ದ್ರವ ಸುಮ್ನ ನಿಂತಿತ್ತು. ಸ್ಟೈರೀನ್ ತನ್ನಷ್ಟಕ್ಕೆ ಗಟ್ಟಿಯಾಗ್ತಾ ಬಿಸಿ ಉಗುಳ್ತೈತಿ, ಅದನ್ನ ತಡೆಯೋ ರಾಸಾಯನಿಕ ಕಮ್ಮಿಯಾದರ, ತಂಪು ಸಾಲದಿದ್ದರ ಬಿಸಿಗೆ ಬಿಸಿ ಕೂಡಿ ಏರ್ಕೋತ ಹೋಗ್ತೈತಿ. ಖಳನಾಯಕ ಇಲ್ಲದ ದುರಂತ ತೋರಿಸೋದು ಥ್ರಿಲ್ಲರ್‌ಗೆ ಕಷ್ಟ, ಒಪ್ತೀನಿ. ಆದರ ಖಳನಾಯಕ ಸತ್ತ ಮ್ಯಾಲೂ ಟ್ಯಾಂಕು ಬಿಸಿಯಾಗ್ತಾನೇ ಇರೋದನ್ನ ತೋರಿಸ್ಯಾರಲ್ಲ, ಆ ಒಂದು ಕಾರಣಕ್ಕ ಹತ್ತನೇ ಕಂತಿಗೆ ನನ್ನ ವೋಟು.

ಮಸ್ಕಿ ರಸ್ತೆ (ಸಿಂಧನೂರು)

ಇದು ಒಳ್ಳೇ ಮಾತು ಸರ್. ಮೂಸಾ ಸಾಯೋದರಿಂದ ಏನೂ ನಿಲ್ಲಲ್ಲ. ಆ ಅರ್ಥದಲ್ಲಿ ಕಂತು ಮುಗಿಸಿದ ಜಾಗ ಸರಿ, ನಂತರ ಬಂದ ಸೀಸನ್ ಅದನ್ನ ಮಾತಿನಲ್ಲಿ ತೀರಿಸಿದ್ದು ತಪ್ಪು. ಆದರೂ ಕರೀಮನ ವಿಷಯ ಬಿಡಲ್ಲ.

ಕೋಟೆಗುಡ್ಡ (ಬಳ್ಳಾರಿ)

ಹಾಗಾದರೆ ಮತ್ತೆ ನೋಡೋರಿಗೆ ನನ್ನ ಸಲಹೆ: ನಾಲ್ಕು ಮತ್ತು ಐದು ಕರೀಮನಿಗಾಗಿ, ಆರು ಮೂಸಾನಿಗಾಗಿ, ಹತ್ತು ಕಾರ್ಖಾನೆಗಾಗಿ. ನಡುವಿನ ಕಾಶ್ಮೀರದ ಭಾಗ ಬಿಟ್ಟರೂ ನಡೆಯುತ್ತೆ ಅಂದರೆ ಹೊಡೀತೀರೇನೋ.

ಎಡದಂಡೆ (ಕಾರಟಗಿ)

ಹೊಡೀತೀವಿ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ನೋಡ್ಕೋತೀವಿ.